ನಗುವಿನ ಬಗ್ಗೆ ಕೇಳಿ: ಬಿಪಿ, ಮಂಡಿನೋವು, ದಮ್ಮು, ಮೂತ್ರ ಸೋರಿಕೆ, ಒಣಗುವ ಕಣ್ಣು

ಈ ವಾರದ ಪ್ರಶ್ನೋತ್ತರಕ್ಕೆ ವಿಷಯ ನಗು. ಪಾರ್ಕಿನ ನಗೆಕೂಟಕ್ಕೆ ಹೋಗುತ್ತಿರುವವರು, ಹೋಗಬೇಕು ಅಂದುಕೊಂಡವರು, ಹೋಗಿ ತೊಂದರೆಯಾಗಿ ಬಿಟ್ಟವರು ಕಳಿಸಿದ ಪ್ರಶ್ನೆಗಳನ್ನು ಒಂದೇ ಕಡೆ ಹಾಕಿದ್ದೇವೆ. ಉತ್ತರ ಕೊಡುತ್ತಿರುವವರು ಮೂವರು: ಒಬ್ಬರು ಫಿಸಿಷಿಯನ್, ಒಬ್ಬರು ಫಿಸಿಯೋಥೆರಪಿಸ್ಟ್, ಇನ್ನೊಬ್ಬರು ನಗೆಕೂಟದ ತರಬೇತುದಾರರು. ಹೆಸರು, ನಂಬರ್ ಹಾಕಬೇಡಿ. ಊರಿನ ಯಾವ ಭಾಗದಿಂದ ಕೇಳುತ್ತಿದ್ದೀರಿ ಅಂತ ಬರೆದರೆ ಸಾಕು.

ಪ್ರಶ್ನೆ (ಜಯನಗರ): ಡಾಕ್ಟ್ರೇ, ನಮ್ಮ ತಂದೆಗೆ 68. ಹತ್ತು ವರ್ಷದಿಂದ ಬಿಪಿ ಮಾತ್ರೆ, ಶುಗರಿಗೆ ಮೆಟ್‌ಫಾರ್ಮಿನ್. ಮೂರು ತಿಂಗಳಿಂದ ದಿನಾ ಬೆಳಿಗ್ಗೆ ನಗೆಕೂಟಕ್ಕೆ ಹೋಗ್ತಿದ್ದಾರೆ, ತುಂಬಾ ಲವಲವಿಕೆಯಿಂದ ಇದ್ದಾರೆ. ಅಲ್ಲಿ ಯಾರೋ "ಹೀಗೆ ನಗ್ತಾ ಇದ್ರೆ ಮಾತ್ರೆನೇ ಬೇಡ" ಅಂದಿದ್ದಕ್ಕೆ ಬಿಪಿ ಮಾತ್ರೆ ಅರ್ಧ ಮಾಡ್ಕೊಂಡಿದ್ದಾರೆ. ಸರಿನಾ?

ಫಿಸಿಷಿಯನ್: ಸರಿಯಲ್ಲ. ನಗೆಕೂಟ ಖಂಡಿತ ಮುಂದುವರಿಸಲಿ. ಮಾತ್ರೆಯನ್ನು ಮಾತ್ರ ಇವತ್ತಿನಿಂದಲೇ ಮೊದಲಿನ ಪ್ರಮಾಣಕ್ಕೆ ತರಲಿ, ಆಮೇಲೆ ಅವರ ಡಾಕ್ಟರನ್ನು ಕಾಣಲಿ. ಅವರು ತಗೊಳ್ಳುತ್ತಿರುವುದು ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಮಾತ್ರೆಯಾದರೆ ದಿಢೀರ್ ಅಂತ ಬಿಡುವುದು ಇನ್ನೂ ಅಪಾಯ. ಎದೆಬಡಿತ ಒಮ್ಮೆಲೇ ಜೋರಾಗುತ್ತದೆ, ಬಿಪಿ ಮೊದಲಿಗಿಂತ ಮೇಲೆ ಹಾರುತ್ತದೆ.

ನಗುವಾಗ ಬಿಪಿಗೆ ಏನಾಗುತ್ತದೆ ಅನ್ನುವುದನ್ನು ಸರಿಯಾಗಿ ತಿಳಿದುಕೊಳ್ಳಿ. ನಗುವ ಹೊತ್ತಿನಲ್ಲಿ ಅದು ಇಳಿಯುವುದಿಲ್ಲ, ಏರುತ್ತದೆ. ಹೃದಯ ವೇಗವಾಗಿ ಬಡಿಯುತ್ತದೆ, ಹೊಟ್ಟೆ ಬಿಗಿಯುತ್ತದೆ, ಎದೆಗೂಡಿನ ಒಳಗೆ ಒತ್ತಡ ಹೆಚ್ಚುತ್ತದೆ. ನಗು ನಿಂತು ಮೈ ಸಡಿಲವಾದ ಮೇಲೆ ಇಳಿಯುತ್ತದೆ. ಆ ಇಳಿತ ಕೆಲ ಹೊತ್ತಿನದು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು 2005ರಲ್ಲಿ 20 ಆರೋಗ್ಯವಂತರಿಗೆ ಒಂದು ಸಲ ನಗೆಯ ದೃಶ್ಯ, ಇನ್ನೊಂದು ಸಲ ಆತಂಕದ ದೃಶ್ಯ ತೋರಿಸಿ ತೋಳಿನ ರಕ್ತನಾಳ ಎಷ್ಟು ಹಿಗ್ಗುತ್ತದೆ ಅಂತ ಅಲ್ಟ್ರಾಸೌಂಡಿನಲ್ಲಿ ಅಳೆದರು. ನಕ್ಕ ಮೇಲೆ ನಾಳ ಚೆನ್ನಾಗಿ ಹಿಗ್ಗಿತ್ತು, ಆತಂಕದ ದೃಶ್ಯ ನೋಡಿದ ಮೇಲೆ ಹಿಗ್ಗುವುದು ಕಡಿಮೆಯಾಗಿತ್ತು. ಒಳ್ಳೆಯ ಸುದ್ದಿಯೇ. ಆದರೆ ಇಪ್ಪತ್ತೇ ಜನ, ಅದೂ ಬಿಪಿ ಇಲ್ಲದವರು. ಇದನ್ನು ಹಿಡಿದುಕೊಂಡು ಯಾರದ್ದೇ ಮಾತ್ರೆ ಕಡಿಮೆ ಮಾಡುವ ಹಾಗಿಲ್ಲ.

ತಂದೆಯವರಿಗೆ ಬಿಪಿ ನಿಜವಾಗಿ ಇಳಿದಿದೆಯೋ ಇಲ್ಲವೋ ನೋಡಲು ದಾರಿ ಇದೆ. ತೋಳಿಗೆ ಕಟ್ಟುವ ಮಿಷನ್ ಇರಲಿ, ಮಣಿಕಟ್ಟಿನದ್ದು ಬೇಡ. ನಗೆಕೂಟದಿಂದ ಬಂದ ಕೂಡಲೇ ಅಳೆಯಬೇಡಿ, ಕಾಫಿ ಕುಡಿದು ಅರ್ಧ ಗಂಟೆಯೊಳಗೂ ಬೇಡ. ಬಾತ್‌ರೂಮಿಗೆ ಹೋಗಿ ಬಂದು, ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಪಾದ ನೆಲಕ್ಕೆ ಊರಿ, ಐದು ನಿಮಿಷ ಮಾತಾಡದೆ ಕೂರಲಿ. ತೋಳು ಎದೆಯ ಮಟ್ಟಕ್ಕೆ ಬರುವ ಹಾಗೆ ಟೇಬಲ್ ಮೇಲಿರಲಿ. ಒಂದು ನಿಮಿಷದ ಅಂತರದಲ್ಲಿ ಎರಡು ಸಲ. ಬೆಳಿಗ್ಗೆ ಎರಡು, ಸಂಜೆ ಎರಡು, ಹೀಗೆ ಏಳು ದಿನ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಮನೆಯಲ್ಲಿ ಅಳೆದಾಗ ಸರಾಸರಿ 135/85ಕ್ಕಿಂತ ಕೆಳಗಿರಬೇಕು. ಆ ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋಗಿ. ಕಡಿಮೆ ಮಾಡುವುದಿದ್ದರೆ ಅವರು ಮಾಡುತ್ತಾರೆ.

ಅದೇ ಸದಸ್ಯರು: ಥ್ಯಾಂಕ್ಸ್ ಡಾಕ್ಟ್ರೇ. ಶುಗರಿಗೂ ಇದೇ ಮಾತಾ?

ಫಿಸಿಷಿಯನ್: ಹೌದು. ಶುಗರಿನ ಬಗ್ಗೆ ಜಪಾನಿನಲ್ಲಿ 2003ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನ ಇದೆ. ಟೈಪ್ 2 ಮಧುಮೇಹದ 19 ಜನ, ಮಧುಮೇಹ ಇಲ್ಲದ ಐದು ಜನ. ಒಂದು ದಿನ ಊಟವಾದ ಮೇಲೆ ಸಪ್ಪೆ ಉಪನ್ಯಾಸ, ಇನ್ನೊಂದು ದಿನ ಅದೇ ಊಟವಾದ ಮೇಲೆ ಹಾಸ್ಯ ಪ್ರದರ್ಶನ. ನಕ್ಕ ದಿನ ಊಟದ ನಂತರದ ಶುಗರ್ ಕಡಿಮೆ ಏರಿತ್ತು. ಅದು ಒಂದೊಂದು ದಿನದ ಅಳತೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಅದರಿಂದ ಇಳಿಯುತ್ತದೆ ಅಂತ ಆಗುವುದಿಲ್ಲ. ಊಟವಾದ ಮೇಲೆ ಮನೆಯವರೆಲ್ಲ ಕೂತು ನಗುನಗುತ್ತಾ ಮಾತಾಡುವುದು, ಹದಿನೈದು ನಿಮಿಷ ಓಡಾಡುವುದು, ಎರಡೂ ಒಳ್ಳೆಯ ಅಭ್ಯಾಸ. ಮೆಟ್‌ಫಾರ್ಮಿನ್ ಹಾಗೇ ಇರಲಿ.

ಪ್ರಶ್ನೆ (ಬಸವನಗುಡಿ): ನಗೆಕೂಟದಲ್ಲಿ ನಗೋದು ಬಲವಂತದ ನಗು ಅಲ್ವಾ? ಬರೀ "ಹೋ ಹೋ" ಅಂದ್ರೆ ದೇಹಕ್ಕೆ ಏನು ಲಾಭ? ನಮ್ಮ ಬೀದಿಯ ಪಾರ್ಕಲ್ಲೇ ಒಂದು ಶುರು ಮಾಡೋಣ ಅಂತಿದ್ದೀವಿ, ಹೇಗೆ ಮಾಡೋದು ಅಂತ ಬಿಡಿಸಿ ಹೇಳಿ. ಹೋದ ಸಲ ನಾವೇ ಮಾಡಿದಾಗ ಮೂರೇ ದಿನಕ್ಕೆ ಎಲ್ಲರಿಗೂ ಗಂಟಲು ಕಟ್ತು.

ತರಬೇತುದಾರರು: ಗಂಟಲು ಕಟ್ಟಿತು ಅಂದರೆ ನೀವೆಲ್ಲ ಗಂಟಲಿನಿಂದ ನಕ್ಕಿದ್ದೀರಿ ಅಂತ ಅರ್ಥ. ನಗು ಹೊಟ್ಟೆಯಿಂದ ಬರಬೇಕು. ಇದು ಮಾತಿಗೆ ಹೇಳುವುದಲ್ಲ, ನಗುವಿನ ರಚನೆಯೇ ಹಾಗಿದೆ. ನಗು ಅಂದರೆ ಉಸಿರನ್ನು ತುಂಡು ತುಂಡಾಗಿ ಹೊರಗೆ ದಬ್ಬುವ ಕೆಲಸ. ಸಹಜವಾಗಿ ನಗುವಾಗ ಒಂದು "ಹಾ" ಶುರುವಾಗಿ ಮುಂದಿನ "ಹಾ" ಬರುವುದಕ್ಕೆ ಸುಮಾರು ಸೆಕೆಂಡಿನ ಐದನೇ ಒಂದು ಭಾಗ ಹಿಡಿಯುತ್ತದೆ. ಪ್ರತಿ "ಹಾ"ಗೂ ಹೊಟ್ಟೆಯ ಸ್ನಾಯು ಒಮ್ಮೆ ಒಳಕ್ಕೆ ಎಳೆದುಕೊಳ್ಳುತ್ತದೆ. ಒಂದು ಅಂಗೈಯನ್ನು ಹೊಕ್ಕುಳ ಮೇಲಿಟ್ಟುಕೊಂಡು ನಕ್ಕು ನೋಡಿ, ಕೈಗೇ ಗೊತ್ತಾಗುತ್ತದೆ. ಅಂಗೈ ಕುಣಿಯದೆ ಕತ್ತಿನ ನರ ಮಾತ್ರ ಉಬ್ಬಿದರೆ ತಪ್ಪಾಗಿ ನಗುತ್ತಿದ್ದೀರಿ.

ಬಲವಂತದ ನಗುವಿಗೂ ಲಾಭ ಇದೆ, ಏಕೆಂದರೆ ಈ ಉಸಿರಿನ ಕೆಲಸ ಎರಡರಲ್ಲೂ ಒಂದೇ. ಸುಮ್ಮನೆ ಕೂತಾಗ ನಾವು ಒಂದು ಉಸಿರಿಗೆ ಒಳಗೆ-ಹೊರಗೆ ಮಾಡುವುದು ಸುಮಾರು ಅರ್ಧ ಲೀಟರ್ ಗಾಳಿ. ಜೋರಾಗಿ ನಗುವಾಗ ಮಾಮೂಲಿ ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿದುಕೊಳ್ಳುವ ಗಾಳಿಯಿಂದ ಸುಮಾರು ಒಂದೂವರೆ ಲೀಟರ್ ಹೊರಗೆ ಹೋಗುತ್ತದೆ. ಅದಕ್ಕೇ ನಕ್ಕು ಮುಗಿದ ಮೇಲೆ ತಾನಾಗಿ ಒಂದು ದೊಡ್ಡ ಉಸಿರು ಒಳಗೆ ಬರುವುದು. ಆ ಉಸಿರನ್ನು ಅವಸರ ಮಾಡದೆ ಪೂರ್ತಿ ತೆಗೆದುಕೊಳ್ಳಲು ಬಿಡಿ. ನಗೆಕೂಟದ ಅರ್ಧ ಫಲ ಅಲ್ಲೇ ಇದೆ, ಹೊಸದಾಗಿ ಶುರು ಮಾಡಿದವರು ಕೆಡಿಸಿಕೊಳ್ಳುವುದೂ ಅಲ್ಲೇ.

ಈ ಪದ್ಧತಿ ಶುರುವಾಗಿದ್ದು ಮುಂಬೈನಲ್ಲಿ, 1995ರ ಮಾರ್ಚ್ 13ರಂದು. ಡಾ. ಮದನ್ ಕಟಾರಿಯಾ ಅನ್ನುವ ವೈದ್ಯರು ಪಾರ್ಕಿನಲ್ಲಿ ಐದು ಜನರ ಜೊತೆ ಆರಂಭಿಸಿದರು. ಮೊದಮೊದಲು ಜೋಕು ಹೇಳಿ ನಗಿಸುತ್ತಿದ್ದರು. ಕೆಲವೇ ದಿನಕ್ಕೆ ಒಳ್ಳೆಯ ಜೋಕುಗಳು ಖಾಲಿಯಾಗಿ, ಮನಸ್ಸು ನೋಯಿಸುವಂಥವು ಬರತೊಡಗಿದವು. ಆಗಲೇ ಜೋಕಿಲ್ಲದೆ ನಗುವ ಈ ಅಭ್ಯಾಸ ಹುಟ್ಟಿದ್ದು. ನೀವೂ ಜೋಕಿನ ಮೇಲೆ ಕೂಟ ಕಟ್ಟಬೇಡಿ. ಒಂದೇ ವಾರಕ್ಕೆ ಯಾರದ್ದೋ ಜಾತಿ, ಮೈಬಣ್ಣ, ಹೆಂಡತಿಯ ಮೇಲೆ ಬಂದು ನಿಲ್ಲುತ್ತದೆ. ಅದರಿಂದ ಕೂಟ ಒಡೆಯುತ್ತದೆ.

ಈಗ ಮಾಡುವ ಕ್ರಮ. ಒಟ್ಟು 20ರಿಂದ 25 ನಿಮಿಷ, ಅದರಲ್ಲಿ ನಿಜವಾದ ನಗು 10 ನಿಮಿಷ ಇದ್ದರೆ ಸಾಕು. ಬೆಳಿಗ್ಗೆ ತಿಂಡಿಗೆ ಮೊದಲು ಮಾಡಿ, ತಿಂದಿದ್ದರೆ ಎರಡು ಗಂಟೆ ಬಿಡಿ. ಅರ್ಧ ಲೋಟ ಉಗುರುಬೆಚ್ಚಗಿನ ನೀರು ಕುಡಿದು ಬನ್ನಿ. ಸಾಲಾಗಿ ನಿಲ್ಲಬೇಡಿ, ಒಬ್ಬರ ಮುಖ ಒಬ್ಬರಿಗೆ ಕಾಣುವ ಹಾಗೆ ವೃತ್ತವಾಗಿ ನಿಲ್ಲಿ. ನಟನೆಯ ನಗು ನಿಜವಾದ ನಗುವಾಗಿ ತಿರುಗುವುದು ಎದುರಿನವರ ಕಣ್ಣು ಕಂಡಾಗಲೇ.

ಮೊದಲು ಚಪ್ಪಾಳೆ. ಬೆರಳಿಗೆ ಬೆರಳು, ಅಂಗೈಗೆ ಅಂಗೈ ಪೂರ್ತಿ ತಾಗಬೇಕು. ತಾಳ ಒಂದು-ಎರಡು, ಒಂದು-ಎರಡು-ಮೂರು. ತಾಳ ಕೂತ ಮೇಲೆ ಅದಕ್ಕೆ "ಹೋ ಹೋ, ಹಾ ಹಾ ಹಾ" ಸೇರಿಸಿ. ಎರಡು ನಿಮಿಷ ಸಾಕು. ಆಮೇಲೆ ಕೈ ಮೇಲೆತ್ತಿ ಮೂಗಿನಿಂದ ದೀರ್ಘವಾಗಿ ಉಸಿರು ಒಳಗೆ, ಮೂರ್ನಾಲ್ಕು ಸೆಕೆಂಡು ತಡೆದು, ಕೈ ಇಳಿಸುತ್ತಾ ಬಾಯಿಯಿಂದ ನಿಧಾನವಾಗಿ ಹೊರಗೆ. ಬಿಡುವ ಉಸಿರು ತಗೊಂಡದ್ದಕ್ಕಿಂತ ಉದ್ದವಿರಲಿ. ಬಿಪಿ ಇರುವವರು ತಡೆಯುವುದು ಬೇಡ, ಬಿಟ್ಟುಬಿಡಲಿ.

ಆಮೇಲೆ ಬಗೆಬಗೆಯ ನಗು, ಒಂದೊಂದು 30ರಿಂದ 45 ಸೆಕೆಂಡ್, ನಡುವೆ ಎರಡೆರಡು ದೀರ್ಘ ಉಸಿರು. ನಮಸ್ಕಾರದ ನಗು: ಕೈ ಮುಗಿದು ಒಬ್ಬೊಬ್ಬರ ಕಣ್ಣು ನೋಡುತ್ತಾ ನಗುವುದು. ಸಿಂಹದ ನಗು: ನಾಲಿಗೆ ಪೂರ್ತಿ ಚಾಚಿ, ಕಣ್ಣರಳಿಸಿ, ಬೆರಳು ಪಂಜದ ಹಾಗೆ ಹಿಡಿದು ಹೊಟ್ಟೆಯಿಂದ ನಗುವುದು. ದವಡೆಯ ಬಿಗಿ ಬಿಡಲು ಇದಕ್ಕಿಂತ ಒಳ್ಳೆಯದಿಲ್ಲ. ದವಡೆಯ ಕೀಲು ಹಿಂದೆ ಜಾರಿದವರು ಮಾತ್ರ ಇದನ್ನು ಬಿಡಬೇಕು. ಮೌನ ನಗು: ಬಾಯಿ ತೆರೆದು, ಸದ್ದಿಲ್ಲದೆ, ಹೊಟ್ಟೆ ಮಾತ್ರ ಕುಣಿಸುವುದು. ಮಜ್ಜಿಗೆ ಕಡೆಯುವ ನಗು: ಎರಡು ಕೈಯಲ್ಲಿ ಹಗ್ಗ ಎಳೆದ ಹಾಗೆ, ಒಂದು ಎಳೆತಕ್ಕೆ "ಹೋ", ಇನ್ನೊಂದಕ್ಕೆ "ಹಾ". ಭುಜ ಹಿಡಿದುಕೊಂಡವರಿಗೆ ಇದು ಒಳ್ಳೆಯ ಕಸರತ್ತು. ಕಾಫಿ ಆರಿಸುವ ನಗು: ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಬಟ್ಟಲು ಇದೆ ಅಂದುಕೊಂಡು, ಮೇಲಿನಿಂದ ಕೆಳಕ್ಕೆ ಸುರಿಯುವಾಗ "ಹಾಆಆ" ಅಂತ ಎಳೆದು, ಕೈ ಬದಲಾಯಿಸಿ ಮತ್ತೆ. ಬೆಂಗಳೂರಿನಲ್ಲಿ ಇದನ್ನು ಯಾರಿಗೂ ಎರಡು ಸಲ ಕಲಿಸಬೇಕಾಗುವುದಿಲ್ಲ. ಏರುವ ನಗು: ಮುಗುಳ್ನಗೆಯಿಂದ ಶುರು ಮಾಡಿ, ಕಿಸಕ್ಕನೆ, ಆಮೇಲೆ ಗಹಗಹಿಸಿ, ಮತ್ತೆ ಹಾಗೇ ಮುಗುಳ್ನಗೆಗೆ ಇಳಿಯುವುದು.

ಕೊನೆಯ ಐದು ನಿಮಿಷ ಕಣ್ಣು ಮುಚ್ಚಿ ಸುಮ್ಮನೆ ಕೂರಿ. ನಕ್ಕು ತಕ್ಷಣ ಸ್ಕೂಟರ್ ಹತ್ತಿ ಹೊರಟುಬಿಡುವವರು ಸಡಿಲವಾಗುವ ಹೊತ್ತನ್ನೇ ಕಳೆದುಕೊಳ್ಳುತ್ತಾರೆ.

ಎಲ್ಲಿ ತಪ್ಪುತ್ತದೆ ಅಂದರೆ, ಬಿಡುವಿಲ್ಲದೆ ಹತ್ತು ನಿಮಿಷ ನಗಿಸುವುದು. ಉಸಿರಾಟ ಅತಿಯಾಗಿ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ತುಟಿ, ಬೆರಳ ತುದಿ ಜುಮುಜುಮು ಅನ್ನುತ್ತದೆ, ತಲೆ ತಿರುಗುತ್ತದೆ. ಹಾಗಾದವರನ್ನು ಕೂರಿಸಿ, ಮೂಗಿನಿಂದ ನಿಧಾನವಾಗಿ ಉಸಿರಾಡಲು ಹೇಳಿ. ಎರಡನೆಯ ತಪ್ಪು, ಯಾರು ಜೋರು ಅಂತ ಪೈಪೋಟಿ. ಮೂರನೆಯದು, ಮನೆಗಳಿಗೆ ಅಂಟಿಕೊಂಡ ಸಣ್ಣ ಪಾರ್ಕಿನಲ್ಲಿ ಐದೂವರೆಗೇ ಶುರು ಮಾಡುವುದು. ಆರೂವರೆ ಆದಮೇಲೆ ಶುರು ಮಾಡಿ, ಜೋರು ನಗುವಿಗೆ ಪಾರ್ಕಿನ ನಡುಭಾಗ ಆರಿಸಿಕೊಳ್ಳಿ, ಅಕ್ಕಪಕ್ಕದವರನ್ನೂ ಕರೆಯಿರಿ. ರಾತ್ರಿ ಪಾಳಿ ಮುಗಿಸಿ ಮಲಗಿದವರು ಈ ಊರಿನಲ್ಲಿ ಪ್ರತಿ ಬೀದಿಯಲ್ಲೂ ಇದ್ದಾರೆ. ಅವರ ನಿದ್ದೆಯೂ ಆರೋಗ್ಯವೇ.

ಪ್ರಶ್ನೆ (ಮಾರತ್ತಹಳ್ಳಿ): ದಿನಾ ಅರ್ಧ ಗಂಟೆ ನಕ್ರೆ ತೂಕ ಇಳಿಯುತ್ತಾ ಸರ್?

ಫಿಸಿಷಿಯನ್: ಇಲ್ಲ. ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಅಳತೆಯ ಪ್ರಕಾರ ನಗುವಾಗ ಸುಮ್ಮನೆ ಕೂತದ್ದಕ್ಕಿಂತ 10ರಿಂದ 20 ಶೇಕಡಾ ಹೆಚ್ಚು ಶಕ್ತಿ ಖರ್ಚಾಗುತ್ತದೆ. ದಿನಕ್ಕೆ 10-15 ನಿಮಿಷ ನಕ್ಕರೆ 10ರಿಂದ 40 ಕ್ಯಾಲೊರಿ. ಹೆಚ್ಚೆಂದರೆ ಒಂದು ಸಣ್ಣ ಇಡ್ಲಿಯಷ್ಟು. ತೂಕಕ್ಕೆ ನಡಿಗೆ, ತಟ್ಟೆಯಲ್ಲಿ ಅನ್ನದ ಪ್ರಮಾಣ, ಇವೆರಡನ್ನೇ ನೋಡಿ.

ಪ್ರಶ್ನೆ (ಎಲೆಕ್ಟ್ರಾನಿಕ್ ಸಿಟಿ): ದಿನಕ್ಕೆ ಹತ್ತು ಗಂಟೆ ಸ್ಕ್ರೀನ್ ಮುಂದೆ. ಕಣ್ಣು ಉರಿ, ಮರಳು ಬಿದ್ದ ಹಾಗೆ. ನಗು ಕಣ್ಣಿಗೂ ಒಳ್ಳೇದು ಅಂತ ಎಲ್ಲೋ ಓದಿದೆ, ನಂಬೋದು ಹೇಗೆ?

ಫಿಸಿಷಿಯನ್: ನಂಬಬಹುದು, ಇದಕ್ಕೆ ಆಧಾರ ಚೆನ್ನಾಗಿಯೇ ಇದೆ. ಚೀನಾದ ಸನ್ ಯಾಟ್-ಸೆನ್ ವಿಶ್ವವಿದ್ಯಾಲಯದ ಕಣ್ಣಿನ ಕೇಂದ್ರದವರು ಕಣ್ಣು ಒಣಗುವ 299 ಜನರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ನಗುವಿನ ವ್ಯಾಯಾಮ, ಇನ್ನೊಂದಕ್ಕೆ ಕಣ್ಣು ತೇವವಾಗಿಡುವ 0.1 ಶೇಕಡಾ ಸೋಡಿಯಂ ಹಯಲುರೊನೇಟ್ ಹನಿ. ಎರಡೂ ದಿನಕ್ಕೆ ನಾಲ್ಕು ಸಲ, ಎಂಟು ವಾರ. ತೊಂದರೆ ಕಡಿಮೆ ಮಾಡುವುದರಲ್ಲಿ ನಗು ಹನಿಗಿಂತ ಹಿಂದೆ ಬೀಳಲಿಲ್ಲ. ಬ್ರಿಟಿಷ್ ಮೆಡಿಕಲ್ ಜರ್ನಲ್ 2024ರಲ್ಲಿ ಇದನ್ನು ಪ್ರಕಟಿಸಿತು.

ಅವರ ವ್ಯಾಯಾಮ ಸರಳ. "ಹೀ ಹೀ ಹೀ, ಹಾ ಹಾ ಹಾ, ಚೀಸ್ ಚೀಸ್ ಚೀಸ್, ಚೀಕ್ ಚೀಕ್ ಚೀಕ್, ಹಾ ಹಾ ಹಾ ಹಾ ಹಾ ಹಾ" ಇದನ್ನು ಐದು ನಿಮಿಷದಲ್ಲಿ 30 ಸಲ ಹೇಳುವುದು. "ಹೀ" ಅನ್ನುವಾಗ ಕೆನ್ನೆ ಮೇಲೇರಿ ಕಣ್ಣಿನ ಕೆಳಗೆ ಸುಕ್ಕು ಬೀಳಬೇಕು. ಕಣ್ಣಿನ ಸುತ್ತಲಿನ ಸ್ನಾಯು ಕೆಲಸ ಮಾಡುತ್ತಿದೆ ಅನ್ನುವ ಗುರುತು ಅದೇ. ತುಟಿ ಮಾತ್ರ ಅಗಲಿಸಿದರೆ ಆ ಸ್ನಾಯು ಅಲುಗುವುದಿಲ್ಲ.

ಇದರ ಜೊತೆಗೆ ಎಸಿ ಗಾಳಿ ನೇರ ಮುಖಕ್ಕೆ ಬಡಿಯದಂತೆ ಕುರ್ಚಿ ಸರಿಸಿ, ಸ್ಕ್ರೀನ್ ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗಿರಲಿ. ನೋಟ ಮಂಜಾದರೆ, ಬೆಳಕು ಚುಚ್ಚಿದರೆ, ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗೆ ಕಣ್ಣು ಕೆಂಪಾಗಿ ನೋವು ಬಂದರೆ ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಿ.

ಪ್ರಶ್ನೆ (ರಾಜಾಜಿನಗರ): ಮೇಡಂ, ಹೇಳ್ಕೊಳ್ಳೋಕೆ ಸಂಕೋಚ. ನನಗೆ 46, ಎರಡು ಹೆರಿಗೆ, ಎರಡೂ ನಾರ್ಮಲ್. ಜೋರಾಗಿ ನಕ್ರೆ, ಸೀನಿದ್ರೆ ಮೂತ್ರ ಹನಿ ಬೀಳುತ್ತೆ. ಅದಕ್ಕೇ ನಗೆಕೂಟ ಬಿಟ್ಟೆ. ಮದುವೆ ಮನೆಯಲ್ಲೂ ನಗೋಕೆ ಭಯ.

ಫಿಸಿಯೋಥೆರಪಿಸ್ಟ್: ಸಂಕೋಚ ಬೇಡಮ್ಮ. ಹೆತ್ತ ಹೆಣ್ಣುಮಕ್ಕಳಲ್ಲಿ ಇದು ತೀರಾ ಸಾಮಾನ್ಯ, ಬಹಳ ಮಂದಿಗೆ ವ್ಯಾಯಾಮದಿಂದಲೇ ಕಡಿಮೆಯಾಗುತ್ತದೆ. "ವಯಸ್ಸಾಯ್ತು, ಇಷ್ಟೇ" ಅಂತ ಸಹಿಸಿಕೊಂಡು ಕೂರುವ ವಿಷಯವೇ ಅಲ್ಲ ಇದು.

ಆಗುವುದು ಇಷ್ಟು. ನಗುವಾಗ ಹೊಟ್ಟೆಯ ಸ್ನಾಯು ಒಳಕ್ಕೆ ತಳ್ಳುತ್ತದೆ, ಆ ಒತ್ತಡ ಮೂತ್ರಕೋಶದ ಮೇಲೆ ಬೀಳುತ್ತದೆ. ಕೆಳಗೆ ತೊಟ್ಟಿಲಿನ ಬಟ್ಟೆಯ ಹಾಗೆ ಹರಡಿಕೊಂಡ ಸ್ನಾಯುಗಳಿವೆ, ಅವು ಅದೇ ಕ್ಷಣ ಬಿಗಿದು ದಾರಿ ಮುಚ್ಚಬೇಕು. ಹೆರಿಗೆಯಲ್ಲಿ ಅವು ಹಿಗ್ಗಿ ಸಡಿಲವಾಗಿರುತ್ತವೆ, ಒತ್ತಡಕ್ಕೆ ಎದುರು ನಿಲ್ಲುವುದಿಲ್ಲ.

ಮೊದಲು ಸ್ನಾಯುವನ್ನು ಗುರುತಿಸಿಕೊಳ್ಳಿ. ಮಂಡಿ ಮಡಿಸಿ ಅಂಗಾತ ಮಲಗಿ. ಗಾಳಿ ಹೋಗದಂತೆ ತಡೆಯುವ ಹಾಗೆ ಹಿಂದಿನಿಂದ, ಮೂತ್ರ ತಡೆಯುವ ಹಾಗೆ ಮುಂದಿನಿಂದ, ಎರಡನ್ನೂ ಸೇರಿಸಿ ಒಳಕ್ಕೆ ಮೇಲಕ್ಕೆ ಎಳೆಯಿರಿ. ಮೂರು ಸೆಕೆಂಡ್ ಹಿಡಿದು ಪೂರ್ತಿ ಬಿಡಿ. ಬಿಟ್ಟದ್ದು ನಿಮಗೆ ಗೊತ್ತಾಗಬೇಕು, ಹಿಡಿಯುವಷ್ಟೇ ಬಿಡುವುದೂ ಮುಖ್ಯ. ಹೀಗೆ ಎಂಟು ಸಲ, ದಿನಕ್ಕೆ ಮೂರು ಹೊತ್ತು. ವಾರ ವಾರ ಒಂದೊಂದು ಸೆಕೆಂಡ್ ಹೆಚ್ಚಿಸಿ ಹತ್ತಕ್ಕೆ ತನ್ನಿ. ಮಲಗಿ ಮಾಡುವುದು ರೂಢಿಯಾದ ಮೇಲೆ ಕೂತು, ಆಮೇಲೆ ನಿಂತು ಮಾಡಿ. ಕೊನೆಗೆ ಹತ್ತು ಸಲ ಟಕ್ ಟಕ್ ಅಂತ ಬೇಗ ಬಿಗಿದು ಬಿಡುವುದನ್ನೂ ಸೇರಿಸಿ, ನಗು ಬರುವುದು ದಿಢೀರನೆ ಅಲ್ಲವೇ, ಅದಕ್ಕೆ ಈ ವೇಗ ಬೇಕು. ಕನಿಷ್ಠ ಮೂರು ತಿಂಗಳು ಬಿಡದೆ ಮಾಡಿ. ಆರು ವಾರದೊಳಗೆ ವ್ಯತ್ಯಾಸ ಕಾಣದಿದ್ದರೆ ಹೆದರಬೇಡಿ.

ಮಾಡುವ ತಪ್ಪುಗಳು: ಉಸಿರು ಕಟ್ಟಿ ಹಿಡಿಯುವುದು, ಪೃಷ್ಠ ಮತ್ತು ತೊಡೆ ಬಿಗಿಯುವುದು, ಒಳಕ್ಕೆ ಎಳೆಯುವ ಬದಲು ಮುಕ್ಕಿ ಕೆಳಕ್ಕೆ ತಳ್ಳುವುದು. ಕೊನೆಯದು ಇರುವ ತೊಂದರೆಯನ್ನು ಹೆಚ್ಚಿಸುತ್ತದೆ. ಮೂತ್ರ ಮಾಡುವಾಗ ನಡುವೆ ನಿಲ್ಲಿಸಿ ಅಭ್ಯಾಸ ಮಾಡುವುದೂ ಬೇಡ, ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯುತ್ತದೆ. ಸೋರುತ್ತದೆ ಅಂತ ನೀರು ಕುಡಿಯುವುದನ್ನು ಕಡಿಮೆ ಮಾಡಬೇಡಿ, ಮೂತ್ರ ಗಟ್ಟಿಯಾಗಿ ಇನ್ನೂ ಕೆರಳುತ್ತದೆ. ಮಲಬದ್ಧತೆ ಇದ್ದರೆ ಮೊದಲು ಅದನ್ನು ಸರಿಮಾಡಿಕೊಳ್ಳಿ, ದಿನಾ ಮುಕ್ಕುವವರಿಗೆ ಈ ವ್ಯಾಯಾಮ ಹಿಡಿಯುವುದಿಲ್ಲ.

ನಗೆಕೂಟಕ್ಕೆ ಮತ್ತೆ ಹೋಗಿ. ಹೋಗುವ ಮುಂಚೆ ಮೂತ್ರ ಮಾಡಿ ಹೋಗಿ, ಮೊದಲ ತಿಂಗಳು ಕೂತು ನಗಿ. ಪ್ರತಿ ನಗು ಶುರುವಾಗುವ ಮುಂಚೆ ಕೆಳಗೆ ಬಿಗಿ ಹಿಡಿದು ಆಮೇಲೆ "ಹಾ" ಅನ್ನಿ. ಸೀನು, ಕೆಮ್ಮು ಬಂದಾಗಲೂ ಹಾಗೇ. ಕೆಲ ವಾರಕ್ಕೆ ಅದು ತಾನಾಗಿ ಬರುತ್ತದೆ. ಕೆಳಗೆ ಏನೋ ಜಾರಿ ಬಂದಂತೆ ಅನಿಸಿದರೆ, ಮೂತ್ರದಲ್ಲಿ ರಕ್ತ ಅಥವಾ ಉರಿ ಇದ್ದರೆ ವ್ಯಾಯಾಮ ಶುರು ಮಾಡುವ ಮೊದಲು ಸ್ತ್ರೀರೋಗ ತಜ್ಞರನ್ನು ಕಾಣಿ.

ಅದೇ ಸದಸ್ಯರು: ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ ಮೇಡಂ. ನಾಳೆಯಿಂದಲೇ ಶುರು.

ಪ್ರಶ್ನೆ (ಯಲಹಂಕ): ಮಗಳಿಗೆ 9 ವರ್ಷ. ಚೆನ್ನಾಗಿ ನಕ್ಕರೆ ಕೆಮ್ಮು ಹತ್ತಿಕೊಂಡು ಬಿಡೋದೇ ಇಲ್ಲ, ಕೆಲವು ಸಲ ಗೊರಗೊರ ಸದ್ದು. ದಮ್ಮಿಗೆ ಇನ್ಹೇಲರ್ ಇದೆ. ಅಜ್ಜಿ "ಜಾಸ್ತಿ ನಗಬೇಡ" ಅಂತ ಗದರ್ತಾರೆ.

ಫಿಸಿಷಿಯನ್: ಅಜ್ಜಿಯವರ ಕಾಳಜಿ ಅರ್ಥವಾಗುತ್ತದೆ, ಆದರೆ ನಿಲ್ಲಿಸಬೇಕಾದ್ದು ನಗುವನ್ನಲ್ಲ. ನಕ್ಕರೆ ಕೆಮ್ಮು ಬರುತ್ತದೆ ಅಂದರೆ ದಮ್ಮು ಹತೋಟಿಯಲ್ಲಿ ಇಲ್ಲ ಅನ್ನುವ ಸೂಚನೆ. ದಿನವೂ ತೆಗೆದುಕೊಳ್ಳುವ ಇನ್ಹೇಲರನ್ನು "ಈಗ ಚೆನ್ನಾಗಿದ್ದಾಳೆ" ಅಂತ ಬಿಟ್ಟಿದ್ದೀರಾ, ನೋಡಿಕೊಳ್ಳಿ. ಬಹಳ ಮನೆಗಳಲ್ಲಿ ಆಗುವುದು ಅದೇ.

ಕೊಡುವ ರೀತಿ ಸರಿಯಿದೆಯೇ ಪರೀಕ್ಷಿಸಿ. ಇನ್ಹೇಲರ್ ಚೆನ್ನಾಗಿ ಅಲ್ಲಾಡಿಸಿ, ಸ್ಪೇಸರಿಗೆ (ಇನ್ಹೇಲರಿಗೂ ಬಾಯಿಗೂ ನಡುವೆ ಇಡುವ ಕೊಳವೆ) ಸಿಕ್ಕಿಸಿ, ತುಟಿ ಬಿಗಿಯಾಗಿ ಮುಚ್ಚಿಸಿ, ಒಂದೇ ಪಫ್ ಒತ್ತಿ. ಐದಾರು ಸಲ ನಿಧಾನವಾಗಿ ಉಸಿರಾಡಲಿ. ಎರಡನೆಯ ಪಫ್ ಬೇಕಿದ್ದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಅಲ್ಲಾಡಿಸಿ. ಎರಡು ಪಫ್ ಒಟ್ಟಿಗೆ ಒತ್ತಿದರೆ ಔಷಧಿ ಸ್ಪೇಸರಿನ ಗೋಡೆಗೇ ಅಂಟುತ್ತದೆ. ಸ್ಟೀರಾಯ್ಡ್ ಇನ್ಹೇಲರ್ ಆದರೆ ಆಮೇಲೆ ಬಾಯಿ ಮುಕ್ಕಳಿಸಿ ಉಗಿಯಲಿ. ತಕ್ಷಣದ ಪರಿಹಾರದ ಇನ್ಹೇಲರ್ ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಬೇಕಾಗುತ್ತಿದ್ದರೆ, ಅಥವಾ ಕೆಮ್ಮಿನಿಂದ ರಾತ್ರಿ ಏಳುತ್ತಿದ್ದರೆ ಈ ವಾರವೇ ಮಕ್ಕಳ ವೈದ್ಯರಿಗೆ ತೋರಿಸಿ. ಡಿಸೆಂಬರ್-ಜನವರಿಯ ಬೆಳಗಿನ ಚಳಿಗಾಳಿಯಲ್ಲಿ, ರಸ್ತೆ ಅಗೆದ ಧೂಳಿನಲ್ಲಿ ಇದು ಹೆಚ್ಚಾಗುತ್ತದೆ.

ಪ್ರಶ್ನೆ (ವಿಜಯನಗರ): ಅಮ್ಮನಿಗೆ 72, ಒಬ್ಬರೇ ಇರ್ತಾರೆ, ನಾವು ಹೊರದೇಶದಲ್ಲಿ. ಮಂಡಿನೋವು, ಪಾರ್ಕಿಗೆ ನಡೆಯೋಕಾಗಲ್ಲ. ಫೋನಲ್ಲಿ ಹಾಸ್ಯದ ವಿಡಿಯೊ ಕಳಿಸ್ತೀನಿ, ನೋಡ್ತಾರೆ. ಇದು ಸಾಕಾಗುತ್ತಾ? ನಕ್ಕರೆ ನೋವು ಕಡಿಮೆ ಆಗುತ್ತೆ ಅನ್ನೋದು ನಿಜಾನಾ?

ಫಿಸಿಷಿಯನ್: ನೋವಿನ ವಿಷಯ ನಿಜ. ಆದರೆ ಅದರಲ್ಲಿ "ಒಬ್ಬರೇ" ಅನ್ನುವ ಪದ ಬಹಳ ಮುಖ್ಯ.

ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನರ ತೋಳಿಗೆ ಹೆಪ್ಪುಗಟ್ಟಿಸಿದ ತಣ್ಣನೆ ಪಟ್ಟಿ ಸುತ್ತುತ್ತಿದ್ದರು, ಅಥವಾ ಬಿಪಿ ಮಿಷನ್ನಿನ ಪಟ್ಟಿಗೆ ನೋವಾಗುವಷ್ಟು ಗಾಳಿ ತುಂಬುತ್ತಿದ್ದರು. ಎಷ್ಟು ಹೊತ್ತು ತಡೆಯುತ್ತಾರೆ ಅನ್ನುವುದೇ ಅಳತೆ. ಜೊತೆಯಲ್ಲಿ ಕೂತು ಹಾಸ್ಯ ನೋಡಿ ಜೋರಾಗಿ ನಕ್ಕವರು ಆಮೇಲೆ ಹೆಚ್ಚು ಹೊತ್ತು ತಡೆದರು. 2017ರಲ್ಲಿ ಫಿನ್‌ಲ್ಯಾಂಡಿನ ತುರ್ಕು ನಗರದ ಸಂಶೋಧಕರು ಹನ್ನೆರಡು ಜನರನ್ನು ಆಪ್ತ ಗೆಳೆಯರ ಜೊತೆ ಅರ್ಧ ಗಂಟೆ ನಗಿಸಿ, ಮಿದುಳಿನ ಪೆಟ್ ಸ್ಕ್ಯಾನ್ ಮಾಡಿದರು. ಮಿದುಳು ತಾನೇ ತಯಾರಿಸುವ ನೋವು ಶಮನದ ರಾಸಾಯನಿಕಗಳು ಬಿಡುಗಡೆಯಾದದ್ದು ಕಂಡುಬಂತು. ನಗುವಿನ ಬಗ್ಗೆ ವರ್ಷಗಟ್ಟಲೆ ಸಂಶೋಧನೆ ಮಾಡಿದ ರಾಬರ್ಟ್ ಪ್ರೊವೈನ್ ಅವರ ಲೆಕ್ಕದಲ್ಲಿ, ಟಿವಿ, ಪುಸ್ತಕ ಇವೇನೂ ಇಲ್ಲದಾಗ ನಾವು ಒಬ್ಬರೇ ಇರುವುದಕ್ಕಿಂತ ಜೊತೆಯಲ್ಲಿರುವಾಗ ಸುಮಾರು ಮೂವತ್ತು ಪಟ್ಟು ಹೆಚ್ಚು ನಗುತ್ತೇವೆ. ಅವರು ಗಮನಿಸಿದ ಇನ್ನೊಂದು ಸಂಗತಿ, ಬಹುಪಾಲು ನಗು ಜೋಕಿಗೆ ಬರುವುದೇ ಇಲ್ಲ, "ಸರಿ, ಸಿಗೋಣ" ಥರದ ಮಾಮೂಲಿ ಮಾತಿಗೆ ಬರುತ್ತದೆ.

ಹಾಗಾಗಿ ವಿಡಿಯೊ ಕಳಿಸುವ ಬದಲು ವಿಡಿಯೊ ಕಾಲ್ ಮಾಡಿ, ಅದೇ ದೃಶ್ಯವನ್ನು ಇಬ್ಬರೂ ಒಟ್ಟಿಗೆ ನೋಡಿ. ಮೊಮ್ಮಕ್ಕಳು ಕನ್ನಡ ಓದಲು ಕಲಿಯುತ್ತಿದ್ದರೆ ಅಜ್ಜಿಗೆ ಒಂದೊಂದು ಹಾಸ್ಯ ಬರಹ ಗಟ್ಟಿಯಾಗಿ ಓದಿ ಹೇಳಲಿ. ಬೆಂಗಳೂರಿನಲ್ಲಿ ರೋಗಿಗಳನ್ನು ನೋಡುತ್ತಲೇ ಡಾ. ಎಂ. ಶಿವರಾಂ, ರಾಶಿ ಅಂತ ಪ್ರಸಿದ್ಧರಾದವರು, 1942ರಲ್ಲಿ "ಕೊರವಂಜಿ" ಹಾಸ್ಯ ಮಾಸಪತ್ರಿಕೆ ಶುರು ಮಾಡಿ ಇಪ್ಪತ್ತೈದು ವರ್ಷ ನಡೆಸಿದರು. ಅಮ್ಮನವರ ತಲೆಮಾರಿಗೆ ಆ ಹೆಸರು ಹೇಳಿದರೇ ಮುಖ ಅರಳುತ್ತದೆ. ಪಾರ್ಕಿಗೆ ನಡೆಯಲಾಗದಿದ್ದರೆ ನೆರೆಯ ಮೂರ್ನಾಲ್ಕು ಜನರನ್ನು ವಾರಕ್ಕೆ ಎರಡು ಸಂಜೆ ಮನೆಗೇ ಕರೆಯಲಿ. ಕುರ್ಚಿಯಲ್ಲಿ ಕೂತೇ ನಗೆಕೂಟ ಮಾಡಬಹುದು.

ಮಂಡಿಗೆ ನಗು ಔಷಧಿಯಲ್ಲ, ನೋವನ್ನು ತಡೆಯುವ ಶಕ್ತಿ ಸ್ವಲ್ಪ ಹೊತ್ತು ಹೆಚ್ಚುತ್ತದೆ. ಆ ಹೊತ್ತನ್ನು ವ್ಯಾಯಾಮಕ್ಕೆ ಬಳಸಿಕೊಳ್ಳಿ.

ಫಿಸಿಯೋಥೆರಪಿಸ್ಟ್: ಡಾಕ್ಟರು ಹೇಳಿದ್ದಕ್ಕೆ ಸೇರಿಸುತ್ತೇನೆ. ನಕ್ಕು ಹಗುರಾದ ಕೂಡಲೇ ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರ ಚಾಚಿ, ಪಾದವನ್ನು ತನ್ನ ಕಡೆಗೆ ಬಾಗಿಸಿ, ತೊಡೆಯ ಮುಂಭಾಗ ಬಿಗಿ ಮಾಡಿ ಐದು ಸೆಕೆಂಡ್ ಹಿಡಿಯಲಿ. ಹತ್ತು ಸಲ, ಎರಡೂ ಕಾಲು, ದಿನಕ್ಕೆ ಎರಡು ಹೊತ್ತು. ಉಸಿರು ಕಟ್ಟಬಾರದು. ಎಣಿಸುತ್ತಾ ಮಾಡಿದರೆ ಉಸಿರು ತಾನಾಗಿ ಆಡುತ್ತದೆ.

ಪ್ರಶ್ನೆ (ಮಲ್ಲೇಶ್ವರ): ನಮ್ಮ ಮಾವನಿಗೆ ಆರು ತಿಂಗಳ ಹಿಂದೆ ಸ್ಟ್ರೋಕ್ ಆಯ್ತು. ಈಗ ಕಾರಣ ಇಲ್ಲದೆ ನಗ್ತಾರೆ, ಸಾವಿನ ಸುದ್ದಿ ಹೇಳಿದ್ರೂ ನಗು, ಕೆಲವು ಸಲ ನಗ್ತಾ ನಗ್ತಾ ಅಳು. ಮನೆಯವರಿಗೆ ಬೇಜಾರು.

ಫಿಸಿಷಿಯನ್: ಅವರ ಮನಸ್ಸಿನಲ್ಲಿ ಆ ಹೊತ್ತು ಖುಷಿ ಇಲ್ಲ, ಇದನ್ನು ಮನೆಯವರೆಲ್ಲ ತಿಳಿಯಬೇಕು. ನಗು-ಅಳುವನ್ನು ಹತೋಟಿಯಲ್ಲಿಡುವ ಮಿದುಳಿನ ಸಂಪರ್ಕಗಳಿಗೆ ಪೆಟ್ಟಾದಾಗ ಹೀಗಾಗುತ್ತದೆ. ಅವರಿಗೇ ಒಳಗೊಳಗೆ ಅವಮಾನವಾಗುತ್ತಿರಬಹುದು. ಗದರಬೇಡಿ, ಜೊತೆಗೆ ನಗಲೂ ಬೇಡಿ. ಮಾತಿನ ವಿಷಯ ಬದಲಿಸಿ, ನಿಧಾನ ಉಸಿರಾಡಲು ನೆನಪಿಸಿ. ಇದಕ್ಕೆ ಔಷಧಿ ಇದೆ, ಅವರ ನರರೋಗ ತಜ್ಞರಿಗೆ ಅಥವಾ ನಿಮ್ಹಾನ್ಸಿನಲ್ಲಿ ತೋರಿಸಿ. ನಗು ಬಂದ ವಿಡಿಯೊ ಒಂದೆರಡು ನಿಮಿಷದ್ದು ಮಾಡಿಕೊಂಡು ಹೋದರೆ ವೈದ್ಯರಿಗೆ ಅನುಕೂಲ.

ಇದೇ ಜಾತಿಯ ಇನ್ನೆರಡು ಸೂಚನೆ: ಪುಟ್ಟ ಮಗು ಕಾರಣವಿಲ್ಲದೆ, ಒಂದೇ ಥರ, ಪದೇ ಪದೇ, ಖುಷಿಯಿಲ್ಲದ ನಗು ನಗುತ್ತಿದ್ದರೆ ಅದು ಫಿಟ್ಸ್ ಇರಬಹುದು. ಜೋರಾಗಿ ನಕ್ಕಾಗ ಎಚ್ಚರ ತಪ್ಪದೆ ಮಂಡಿ ಕುಸಿದು ಬೀಳುವಂತಾದರೆ ನಿದ್ದೆಗೆ ಸಂಬಂಧಿಸಿದ ನರದ ಕಾಯಿಲೆ ಇರಬಹುದು. ಎರಡನ್ನೂ ತೋರಿಸಲೇಬೇಕು.

ಪ್ರಶ್ನೆ (ಕೆಂಗೇರಿ): ತಮ್ಮ ಎರಡು ತಿಂಗಳಿಂದ ಮಂಕಾಗಿದ್ದಾನೆ. ಊಟ ಸೇರಲ್ಲ, ನಿದ್ದೆ ಇಲ್ಲ. ನಗೆಕೂಟಕ್ಕೆ ಕರ್ಕೊಂಡು ಹೋದ್ರೆ ಸರಿ ಹೋಗ್ತಾನಾ?

ಫಿಸಿಷಿಯನ್: ಈಗ ಬಲವಂತ ಮಾಡಬೇಡಿ. ಎರಡು ವಾರ ಮೀರಿದ ಮಂಕು, ನಿದ್ದೆ-ಊಟ ಕೆಟ್ಟಿರುವುದು ಖಿನ್ನತೆಯ ಲಕ್ಷಣ. ನಗುವವರ ನಡುವೆ ನಿಂತು ನಗಲಾಗದಿದ್ದರೆ "ನನ್ನಲ್ಲೇ ಏನೋ ತಪ್ಪಿದೆ" ಅನಿಸಿ ಇನ್ನೂ ಕುಸಿಯುತ್ತಾರೆ. ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ, ಸಾಯುವ ಯೋಚನೆ ಬರುತ್ತಿದೆಯೇ ಅಂತ ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೋವೈದ್ಯರ ಚಿಕಿತ್ಸೆ ಶುರುವಾಗಿ ಅವನೇ "ಬರ್ತೀನಿ" ಅಂದ ದಿನ ಕರೆದುಕೊಂಡು ಹೋಗಿ. ಹೌದು, ಬರೀ ನಿಂತು ನೋಡಿದರೂ ಸರಿ.

ಪ್ರಶ್ನೆ (ಹನುಮಂತನಗರ): ಹರ್ನಿಯಾ ಆಪರೇಷನ್ ಆಗಿ ಹನ್ನೆರಡು ದಿನ. ಕೂಟದವರು ಮನೆಗೆ ಬಂದು ನಗಿಸ್ತಾರೆ, ಹೊಲಿಗೆ ಹತ್ರ ಎಳೆಯುತ್ತೆ. ಯಾವಾಗಿಂದ ಹೋಗಬಹುದು? ಇನ್ಯಾರು ಯಾರು ಹೋಗಬಾರದು?

ಫಿಸಿಯೋಥೆರಪಿಸ್ಟ್: ನಗೆಕೂಟಕ್ಕೆ ನಾಲ್ಕರಿಂದ ಆರು ವಾರ ಬೇಡ, ಆಮೇಲೂ ನಿಮ್ಮ ಸರ್ಜನ್ ಹೂಂ ಅಂದರೆ ಮಾತ್ರ. ಆಪರೇಷನ್ ಆಗದ ಹರ್ನಿಯಾ, ರಕ್ತ ಬೀಳುವ ಮೂಲವ್ಯಾಧಿ, ಜಾರಿದ ಗರ್ಭಕೋಶ, ಇತ್ತೀಚಿನ ಹೃದಯಾಘಾತ ಅಥವಾ ಎದೆನೋವು, ಹತೋಟಿಗೆ ಬಾರದ ಬಿಪಿ, ಗ್ಲಾಕೋಮಾ, ಹೊಸದಾಗಿ ಆದ ಕಣ್ಣಿನ ಆಪರೇಷನ್, ತುಂಬು ಗರ್ಭ, ಪಕ್ಕೆಲುಬು ಮುರಿದವರು, ಹತೋಟಿಯಲ್ಲಿಲ್ಲದ ಫಿಟ್ಸ್ ಇರುವವರು ವೈದ್ಯರನ್ನು ಕೇಳದೆ ಜೋರು ನಗುವಿನ ವ್ಯಾಯಾಮ ಮಾಡಬಾರದು. ನೆಗಡಿ, ಕೆಮ್ಮು, ಜ್ವರ ಇದ್ದವರು ವೃತ್ತದಲ್ಲಿ ನಿಲ್ಲುವುದೇ 'ಹಾ ಹಾ' ಜೊತೆಗೆ ಎಲ್ಲರಿಗೂ ಹಂಚಿದಂತೆ, ಮನೆಯಲ್ಲಿರಿ.

ಮನೆಗೆ ಬರುವ ಗೆಳೆಯರನ್ನು ಬೇಡ ಅನ್ನಬೇಡಿ. ಕೈಗೆ ಸಿಗುವ ಹಾಗೆ ಒಂದು ಗಟ್ಟಿಯಾದ ದಿಂಬು ಪಕ್ಕದಲ್ಲಿ ಇಟ್ಟುಕೊಳ್ಳಿ. ನಗು ಬರುತ್ತಿದೆ ಅನಿಸಿದ ತಕ್ಷಣ ದಿಂಬನ್ನು ಹೊಲಿಗೆಯ ಮೇಲಿಟ್ಟು ಎರಡೂ ಅಂಗೈಯಿಂದ ಒಳಕ್ಕೆ ಒತ್ತಿ ಹಿಡಿಯಿರಿ, ಮಂಡಿ ಸ್ವಲ್ಪ ಮಡಿಸಿ, ಆಮೇಲೆ ನಗಿ. ಕೆಮ್ಮು ಬಂದಾಗಲೂ ಇದೇ ರೀತಿ. ಹೊಲಿಗೆಯ ಜಾಗ ಕೆಂಪಾಗಿ ಬಿಸಿಯಾದರೆ, ಕೀವು ಬಂದರೆ, ಗಂಟು ಮತ್ತೆ ಕಾಣಿಸಿಕೊಂಡರೆ ಕಾಯದೆ ಅವತ್ತೇ ಸರ್ಜನ್‌ಗೆ ಫೋನ್ ಮಾಡಿ.